ಮಗಳ ಜೊತೆ ಕೂತು ಕಟ್ಟೋಕೆ ಮೊದಲ ರೇಡಿಯೊ ಕಿಟ್: ಯಾವುದು ತಗೊಳ್ಳೋದು?

ಶಿರಾಗೇಟ್

ಊರು ತುಮಕೂರು, ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೇಲಿ ಅವಳ ಕೈಯಿಂದಲೇ ಒಂದು ರೇಡಿಯೊ ಕಟ್ಟಿಸಬೇಕು ಅಂತಿದೆ. ಆನ್‌ಲೈನ್‌ನಲ್ಲಿ ಮೂರು ನಮೂನೆ ಕಾಣುತ್ತೆ: ಬ್ಯಾಟರಿಯೇ ಬೇಡದ ಕ್ರಿಸ್ಟಲ್ ಸೆಟ್, ಏಳು ಟ್ರಾನ್ಸಿಸ್ಟರಿನ ಎಚ್‌ಎಕ್ಸ್ 108 ಅನ್ನೋ ಎಎಂ ಕಿಟ್, ಬಟನ್ ಒತ್ತಿದರೆ ತಾನೇ ಸ್ಟೇಷನ್ ಹುಡುಕೋ ಎಫ್‌ಎಂ ಕಿಟ್. ನನಗೆ ಬೆಸುಗೆ ಹಾಕೋದು ಬರುತ್ತೆ, ರೇಡಿಯೊ ಬಗ್ಗೆ ಗೊತ್ತಿಲ್ಲ. ಕಟ್ಟಿ ಮುಗಿಸಿದ ಮೇಲೆ ಏನಾದರೂ ಕೇಳಲೇಬೇಕು. ಇಲ್ಲಾಂದ್ರೆ ಅವಳು ಮತ್ತೆ ಆ ಕಡೆ ತಲೆ ಹಾಕಲ್ಲ.

ಗ್ಯಾಂಗ್ ಕಂಡೆನ್ಸರ್

ಆರ್ಡರ್ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಮೀಡಿಯಂ ವೇವ್ (ಎಎಂ) ಇರೋ ಹಳೇ ಟ್ರಾನ್ಸಿಸ್ಟರ್ ರೇಡಿಯೊ ಯಾರ ಹತ್ರನಾದ್ರೂ ಇದ್ದರೆ ತಂದು, ಕಿಟ್ ಇಡೋ ಅದೇ ಕೋಣೇಲಿ 612 ಕಿಲೋಹರ್ಟ್ಸ್ ಹಾಕಿ. ಅದು ಬೆಂಗಳೂರು ಆಕಾಶವಾಣಿ, 200 ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್. ಹಗಲಲ್ಲೇ ನೋಡಿ, ಅದೂ ಕಾರ್ಯಕ್ರಮ ಇರೋ ಹೊತ್ತಲ್ಲಿ. ಕತ್ತಲಾದ ಮೇಲೆ ಮೀಡಿಯಂ ವೇವ್ ಅಲೆ ಮೇಲಿನ ಅಯಾನುಗೋಳಕ್ಕೆ ಬಡಿದು ದೂರದೂರದಿಂದ ಬರುತ್ತೆ. ಚೆನ್ನೈ 720, ಹೈದರಾಬಾದ್ 738, ಧಾರವಾಡ 765, ಎಲ್ಲಾ ಒಂದರ ಮೇಲೊಂದು. ಆಗ ಸಿಕ್ಕಿದ್ದನ್ನ ನಂಬಿ ಕಿಟ್ ತಗೊಂಡರೆ ಬೆಳಗ್ಗೆ ಡಬ್ಬಿ ಸುಮ್ಮನಿರುತ್ತೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿಂದ ಹೆಚ್ಚುಕಮ್ಮಿ 60-70 ಕಿಲೋಮೀಟರಿನ ಒಳಗಿವೆ. ಈ ದೂರಕ್ಕೆ 612 ಧಾರಾಳ. ನನ್ನ ಸಲಹೆ ನಿಮ್ಮ ಪಟ್ಟಿಯಲ್ಲಿಲ್ಲದ ನಾಲ್ಕನೆಯದು: ಟಿಎ 7642 ಅನ್ನೋ ಮೂರು ಕಾಲಿನ ಐಸಿ ಹಾಕಿದ ಎಎಂ ರೇಡಿಯೊ. ಎಲ್ಲಾ ಸೇರಿ ಹತ್ತರ ಆಸುಪಾಸು ಭಾಗ, ಒಂದೇ ಒಂದು 1.5 ವೋಲ್ಟ್ ಸೆಲ್. ಕಾಯಿಲ್ ಮಗು ಕೈಯಲ್ಲೇ ಸುತ್ತಿಸಬಹುದು, ಹೊರಗಡೆ ಏರಿಯಲ್ ತಂತಿ ಬೇಡ.

ಬಂಗಾರಪೇಟೆ ಲೈನ್

ನನ್ನ ಓಟು ಕ್ರಿಸ್ಟಲ್ ಸೆಟ್‌ಗೆ. ಬ್ಯಾಟರಿ ಇಲ್ಲದೆ ಮಾತು ಕೇಳಿಸಿದಾಗ ಮಕ್ಕಳು ಕೇಳೋ ಪ್ರಶ್ನೆಗಳು ಬೇರೆ ಯಾವ ಕಿಟ್‌ನಿಂದಲೂ ಹುಟ್ಟಲ್ಲ. ಆದರೆ ಡಬ್ಬೀಲಿ ಬರೋ ಕ್ರಿಸ್ಟಲ್ ಕಿಟ್ ಬೇಡ. ಅದರ ಜೊತೆ ಎರಡು ಮೂರು ಮೀಟರ್ ತಂತಿ ಕೊಟ್ಟು ಇದೇ ಏರಿಯಲ್ ಅಂತಾರೆ. ಟ್ರಾನ್ಸ್‌ಮಿಟರ್ ಪಕ್ಕದಲ್ಲಿರೋರಿಗೆ ಅದು ಸಾಕಾಗಬಹುದು, ನಮ್ಮ ಊರುಗಳಿಗೆ ಸಾಲಲ್ಲ. ಬಿಡಿ ಭಾಗ ತಂದೇ ಕಟ್ಟಿ.

ಕಾಯಿಲ್‌ಗೆ 63 ಮಿಲಿಮೀಟರ್ ಹೊರ ಅಳತೆಯ ಪಿವಿಸಿ ನೀರಿನ ಪೈಪು, ಒಂದು ಗೇಣುದ್ದ. ಅದರ ಮೇಲೆ 26 ಗೇಜ್ ಎನಾಮಲ್ ತಂತಿ 80 ಸುತ್ತು, ಒತ್ತೊತ್ತಾಗಿ. ಸುತ್ತಿದ ಭಾಗ ನಾಲ್ಕು ಸೆಂಟಿಮೀಟರ್ ಆಗುತ್ತೆ, ತಂತಿ ಸುಮಾರು 17 ಮೀಟರ್ ಹಿಡಿಯುತ್ತೆ. ತೂಕದಲ್ಲಿ 50 ಗ್ರಾಂ ಕೇಳಿದರೆ ಮಿಕ್ಕುತ್ತೆ. ಫ್ಯಾನು, ಮಿಕ್ಸಿ ರಿವೈಂಡಿಂಗ್ ಮಾಡೋ ಅಂಗಡೀಲಿ ಈ ತಂತಿ ಸಿಗುತ್ತೆ, ಇದಕ್ಕೋಸ್ಕರ ಬೆಂಗಳೂರಿಗೆ ಓಡಬೇಕಿಲ್ಲ. ಪ್ರತಿ ಹತ್ತು ಸುತ್ತಿಗೊಂದು ಕಿವಿ (ತಂತಿಯ ಕುಣಿಕೆ) ತಿರುಚಿ ಹೊರಗೆ ಬಿಡಿ. ಏರಿಯಲ್ಲನ್ನ ಅರ್ತ್ ಕಡೆಯಿಂದ ಹತ್ತನೇ ಅಥವಾ ಇಪ್ಪತ್ತನೇ ಸುತ್ತಿಗೆ ಕೊಟ್ಟು ನೋಡಿ. ನೇರ ತುದಿಗೆ ಕೊಟ್ಟರೆ ಸದ್ದು ಹೆಚ್ಚು, ಆದರೆ ಟ್ಯೂನಿಂಗ್ ಮಂಕಾಗುತ್ತೆ.

ಡಯೋಡ್ ಜರ್ಮೇನಿಯಂದೇ ಬೇಕು, 1ಎನ್34ಎ ಅಥವಾ ಒಎ 79. ಮಲ್ಟಿಮೀಟರಿನ ಡಯೋಡ್ ಗುರುತಿಗೆ ಹಾಕಿ ನೋಡಿ, 0.2ರಿಂದ 0.35 ತೋರಿಸಬೇಕು. 0.6 ತೋರಿಸಿದರೆ ಅದು ಸಿಲಿಕಾನ್, ಅಷ್ಟು ಸಣ್ಣ ಸಿಗ್ನಲ್‌ಗೆ ಅದು ಬಾಗಿಲೇ ತೆಗೆಯಲ್ಲ. ಶಾಟ್ಕಿ ಡಯೋಡನ್ನೇ ಜರ್ಮೇನಿಯಂ ಅಂತ ಮಾರೋದೂ ಇದೆ, ಅದು ಕೆಲಸ ಮಾಡುತ್ತೆ, ಜಗಳ ಬೇಡ.

ಕಿವಿಗೆ ಕ್ರಿಸ್ಟಲ್ ಇಯರ್‌ಪೀಸೇ ಬೇಕು. ಮೊಬೈಲಿನ ಇಯರ್‌ಫೋನ್ 16 ಅಥವಾ 32 ಓಮಿಂದು, ಇರೋ ಚೂರು ಶಕ್ತಿಯನ್ನೂ ನುಂಗಿ ಹಾಕುತ್ತೆ. ಇಯರ್‌ಪೀಸಿಗೆ ಅಡ್ಡಲಾಗಿ 47 ಕೆ ಅಥವಾ 100 ಕೆ ರೆಸಿಸ್ಟರ್ ಹಾಕಿ. ಅದಿಲ್ಲದಿದ್ದರೆ ಇಯರ್‌ಪೀಸ್ ಚಾರ್ಜ್ ಆಗಿ ಕೂತು ಸದ್ದು ಒಡೆಯುತ್ತೆ ಅಥವಾ ನಿಂತೇ ಹೋಗುತ್ತೆ.

ಏರಿಯಲ್ 20-25 ಮೀಟರ್, ತಾರಸಿಯಿಂದ ತೆಂಗಿನ ಮರಕ್ಕೆ ಎಳೆದರೂ ಸರಿ, ಎರಡೂ ತುದಿಗೆ ನೈಲಾನ್ ಹಗ್ಗ. ಅರ್ತ್ ಇಲ್ಲದೆ ಕ್ರಿಸ್ಟಲ್ ಸೆಟ್ ಇಲ್ಲ. ಕೋಲಾರದ ಕಡೆ ಬೇಸಿಗೇಲಿ ನೆಲ ಕಾದು ಕಲ್ಲಾಗಿರುತ್ತೆ, ಒಂದು ಅಡಿ ಸಲಾಕೆ ಚುಚ್ಚಿದರೆ ಉಪಯೋಗವಿಲ್ಲ. ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್ ಪೈಪಿಗಿಂತ ಒಳ್ಳೇ ಅರ್ತ್ ಇಲ್ಲ.

ರೋಸಿನ್ ಕೋರ್

ಕೇಸಿಂಗ್ ಪೈಪಿನ ಮಾತು ಮಕ್ಕಳ ವಿಷಯಕ್ಕೆ ಬೇಡ ಸ್ವಾಮಿ. ಸಬ್‌ಮರ್ಸಿಬಲ್ ಮೋಟರಿನ ಕೇಬಲ್ ಒಳಗೆ ಎಲ್ಲೋ ಸವೆದಿದ್ದರೆ ಮೋಟರ್ ಓಡುವಾಗ ಆ ಪೈಪಿಗೇ ಕರೆಂಟ್ ಬಂದಿರುತ್ತೆ. ಇಯರ್‌ಪೀಸ್ ಮಗು ಕಿವೀಲಿರುತ್ತೆ, ನೆನಪಿರಲಿ. ಗೋಡೆ ಸಾಕೆಟ್ಟಿನ ದಪ್ಪ ಪಿನ್ನೂ ಬೇಡ, ಅದೇ ಕಾರಣ. ಮೂರು ನಾಲ್ಕು ಅಡಿ ಜಿಐ ಪೈಪನ್ನ ಬಚ್ಚಲ ನೀರು ಹರಿಯೋ ಜಾಗದಲ್ಲೋ ತೆಂಗಿನ ಪಾತಿಯಲ್ಲೋ ಹೊಡೆದು ನೀರು ಹಾಕಿ, ಸಾಕು.

ಇನ್ನು ಏರಿಯಲ್. ಕರೆಂಟ್ ತಂತಿಯ ಮೇಲಾಗಲಿ ಕೆಳಗಾಗಲಿ ಹಾಯಿಸಲೇಬೇಡಿ, ಕಡಿದು ಬಿದ್ದರೂ ತಾಗದಷ್ಟು ದೂರ ಇರಬೇಕು. ರಜೆ ಅಂದರೆ ಏಪ್ರಿಲ್-ಮೇ, ಅಶ್ವಿನಿ ಭರಣಿ ಮಳೆಯ ಗುಡುಗು ಸಿಡಿಲಿನ ಕಾಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಮೊದಲೇ ಏರಿಯಲ್ ಬಿಚ್ಚಿ ಹೊರಗೆ ಹಾಕಿಬಿಡಿ. ಗುಡುಗು ಶುರುವಾದ ಮೇಲೆ ಬಿಚ್ಚೋಕೆ ಹೋಗಬೇಡಿ.

ಬಾಡಿಗೆ ಮನೆ, ಮೇಲಿನ ಮಹಡಿ ಅಂದ್ರೆ ಇದೆಲ್ಲಾ ಆಗದ ಮಾತು. ಅದಕ್ಕೇ ನಾನೂ ಟಿಎ 7642 ಕಡೆ.

ಕಳವಾರದ ಕೆಳಗೆ

ಎಲ್ಲರೂ ಎಎಂ ಎಎಂ ಅಂತಿದ್ದೀರಿ. ಒಂಬತ್ತು ವರ್ಷದ ಹುಡುಗಿಗೆ ಬೇಕಿರೋದು ಹಾಡು, ಅದು ಎಫ್‌ಎಂನಲ್ಲಿದೆ. ಎಚ್‌ಇಎಕ್ಸ್ 3653 ಐಸಿಯ ಎಫ್‌ಎಂ ಕಿಟ್ ಒಂದು ಸಂಜೆಗೆ ಮುಗಿಯುತ್ತೆ. 3 ವೋಲ್ಟ್ ಸಾಕು, ಮೊಬೈಲಿನ ಇಯರ್‌ಫೋನೇ ನಡೆಯುತ್ತೆ. ಕೊಳ್ಳುವಾಗ ನೋಡಬೇಕಾದ್ದು ಒಂದೇ: ಆ 16 ಕಾಲಿನ ಪುಟ್ಟ ಐಸಿಯನ್ನ ಬೋರ್ಡಿಗೆ ಮೊದಲೇ ಕೂರಿಸಿ ಕೊಟ್ಟಿದ್ದಾರಾ ಅಂತ. ಇಲ್ಲದಿದ್ದರೆ ಅದನ್ನ ನೀವೇ ಕೂರಿಸಿ, ಮಿಕ್ಕಿದ್ದು ಮಗೂಗೆ ಬಿಡಿ.

ತುಮಕೂರಲ್ಲಿ ರೇಡಿಯೊ ಸಿದ್ಧಾರ್ಥ 90.8 ಊರೊಳಗೇ ಇರೋದರಿಂದ ಆ ಕಿಟ್‌ಗೆ ಒಂದು ಸ್ಟೇಷನ್ ಸಿಕ್ಕ ಹಾಗೇ. ಬೆಂಗಳೂರಿನ 101.3 ಮತ್ತು 102.9 ಆಕಾಶವಾಣಿಯವು, ಮನೆ ಎತ್ತರದಲ್ಲಿದ್ದರೆ ಬರುತ್ತೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣೋ ದಾರೀಲೇ ಹೋಗೋದು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಒಂದು ಬೀದೀಲಿ ಬಂದಿದ್ದು ಪಕ್ಕದ ಬೀದೀಲಿ ಬೆಟ್ಟದ ಮರೆಗೆ ಬಿದ್ದು ಹೋಗುತ್ತೆ. ಈ ಕಿಟ್‌ಗಳಲ್ಲಿ ಇಯರ್‌ಫೋನಿನ ತಂತಿಯೇ ಏರಿಯಲ್. ಅದನ್ನ ಸುರುಳಿ ಸುತ್ತಿಟ್ಟರೆ ಸ್ಟೇಷನ್ ಮಾಯ. ಸ್ಪೀಕರ್ ಹಾಕೋದಾದರೆ ಏರಿಯಲ್ ಬಿಂದುವಿಗೆ 75 ಸೆಂಟಿಮೀಟರ್ ತಂತಿ ಬೇರೆ ಕೊಡಿ, ಅದು 100 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ.

ಗ್ಯಾಂಗ್ ಕಂಡೆನ್ಸರ್

ಹಾಡು ಕೇಳೋಕೆ ಫೋನೇ ಇದೆ. ಎಫ್‌ಎಂ ಕಿಟ್‌ನಲ್ಲಿ ರೇಡಿಯೊ ಇರೋದು ಆ ಕಪ್ಪು ಐಸಿ ಒಳಗೆ. ಮಗು ಬೆಸುಗೆ ಹಾಕೋದು ಐದು ಬಟನ್, ಒಂದು ಜಾಕ್, ಬ್ಯಾಟರಿ ಡಬ್ಬಿ. ಕಟ್ಟಿದ್ದು ಸ್ವಿಚ್ ಬೋರ್ಡು ಅಂತಲೇ ಆಯ್ತು. ಕೈಯಲ್ಲಿ ಸುತ್ತಿದ ಕಾಯಿಲನ್ನ ಫೆರೈಟ್ ಕಡ್ಡಿ (ಟಿಎ 7642 ಸೆಟ್ಟಿಗೆ ಏರಿಯಲ್ ಆಗೋ ಕಪ್ಪು ಕಡ್ಡಿ) ಮೇಲೆ ಒಂದು ಬೆರಳಷ್ಟು ಜರುಗಿಸಿದರೆ ಸ್ಟೇಷನ್ ಜಾಗ ಬದಲಾಗುತ್ತಲ್ಲ, ಅದನ್ನ ಮಗು ನೋಡಬೇಕು. ಬೆಸುಗೆ ಅಭ್ಯಾಸಕ್ಕೆ ಅಂತಾದರೆ ಎಫ್‌ಎಂ ಕಿಟ್ ತಗೊಳ್ಳಿ, ತಪ್ಪೇನಿಲ್ಲ.

ಕಳವಾರದ ಕೆಳಗೆ

ಸರಿ, ಒಪ್ಪಿದೆ ಅನ್ನಲ್ಲ, ಆದರೆ ಮಾತು ಅರ್ಥ ಆಯ್ತು. ಬಿಡುವಿದ್ದಾಗ ಮಗಳಿಗೆ ಇದನ್ನೂ ಹೇಳಿ: ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ 1000 ಡೈಪೋಲ್ ಏರಿಯಲ್‌ಗಳನ್ನ ಇಂಗ್ಲಿಷಿನ ಟಿ ಆಕಾರದಲ್ಲಿ ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನೇ ಟ್ಯೂನ್ ಮಾಡಿದ್ದಾರೆ.

ಶಿರಾಗೇಟ್

ಪಕ್ಕದ ಮನೆಯವರ ಸೆಟ್ಟಲ್ಲಿ 612 ಹಗಲಲ್ಲೇ ಬಂತು. ಆದರೆ ಕೋಣೆಯೊಳಗೆ ಗುಯ್ ಅನ್ನೋ ಸದ್ದು ಜಾಸ್ತಿ, ಅಂಗಳದಲ್ಲಿ ಸ್ವಚ್ಛ. ಟಿಎ 7642ನೇ ಮಾಡೋಣ. ಏನೇನು ತರಬೇಕು, ಯಾವುದಕ್ಕೆ ಯಾವುದು, ಬಿಡಿಸಿ ಹೇಳ್ತೀರಾ?

ಗ್ಯಾಂಗ್ ಕಂಡೆನ್ಸರ್

ಗುಯ್ ಸದ್ದು ಎಲ್‌ಇಡಿ ಬಲ್ಬಿನದೋ, ಚಾರ್ಜರಿನದೋ, ಯುಪಿಎಸ್‌ದೋ. ಸೆಟ್ ಹಾಕಿಟ್ಟು ಒಂದೊಂದೇ ಆರಿಸಿ, ಕಳ್ಳ ಸಿಕ್ಕಿಬೀಳುತ್ತೆ. ಯುಪಿಎಸ್ಸೇ ಆಗಿದ್ದರೆ ಅದರಿಂದ ದೂರದ ಕೋಣೆ ಹಿಡಿಯಿರಿ.

ತರಬೇಕಾದ್ದು: ಟಿಎ 7642 ಎರಡು, ಒಂದು ಬಿಸಿಗೆ ಹೋದರೆ ಇನ್ನೊಂದಿರಲಿ. ಫೆರೈಟ್ ಕಡ್ಡಿ 10 ಮಿಲಿಮೀಟರ್ ದಪ್ಪ, ಉದ್ದ 10 ಸೆಂಟಿಮೀಟರಿಗೆ ಕಮ್ಮಿ ಬೇಡ. 30 ಗೇಜ್ ಎನಾಮಲ್ ತಂತಿ ಐದು ಮೀಟರ್. ಪಿವಿಸಿ ಗ್ಯಾಂಗ್ (ತಿರುಗಿಸಿ ಸ್ಟೇಷನ್ ಬದಲಿಸೋ ಕೆಪಾಸಿಟರ್) ಒಂದು, ಅದರ ಗುಂಡಿ ಮತ್ತು ಸ್ಕ್ರೂ ಜೊತೆಗೇ ಕೇಳಿ. 100 ಕೆ ರೆಸಿಸ್ಟರ್, 1 ಕೆ ರೆಸಿಸ್ಟರ್, 103 ಅಂತ ಬರೆದ ಕೆಪಾಸಿಟರ್ ಒಂದು, 104 ಎರಡು. ಕ್ರಿಸ್ಟಲ್ ಇಯರ್‌ಪೀಸ್. ಒಂದು ಸೆಲ್ಲಿನ ಡಬ್ಬಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎಲ್ಲಾ ಒಂದೇ ಸಾಲಲ್ಲಿ ಸಿಗುತ್ತೆ, ಭಾನುವಾರ ಹೋಗಬೇಡಿ. ಇಯರ್‌ಪೀಸನ್ನ ಅಂಗಡೀಲೇ ಪರೀಕ್ಷೆ ಮಾಡಿ: ಸೆಲ್ಲಿನ ಎರಡು ತುದಿಗೆ ಅದರ ತಂತಿ ಮುಟ್ಟಿಸಿದರೆ ಟಿಕ್ ಅನ್ನಬೇಕು.

ಕಾಯಿಲ್: ಕಡ್ಡಿಗೆ ಮೊದಲು ಡ್ರಾಯಿಂಗ್ ಹಾಳೆಯ ಕೊಳವೆ ಮಾಡಿ, ಜರುಗೋ ಹಾಗೆ. ಅದರ ಮೇಲೆ 85 ಸುತ್ತು. 80ರ ಆಸುಪಾಸಲ್ಲಿ ಕೆಲಸ ಆಗುತ್ತೆ, ಆದರೆ ಬಿಚ್ಚೋದು ಸುಲಭ, ಕೂಡಿಸೋದು ಕಷ್ಟ. ಫೆರೈಟ್ ಕಡ್ಡಿ ಕೈ ಜಾರಿ ಬಿದ್ದರೆ ಗಾಜಿನ ಬಳೆ ಹಾಗೆ ತುಂಡಾಗುತ್ತೆ, ಮೇಜಿನ ಮೇಲೆ ಬಟ್ಟೆ ಹಾಸಿ. ತಂತಿಯ ತುದಿಯ ಎನಾಮಲ್ಲನ್ನ ಮರಳು ಕಾಗದದಲ್ಲಿ ಸುತ್ತಲೂ ಉಜ್ಜಿ ತಾಮ್ರ ಕಾಣಿಸಬೇಕು. ಹತ್ತರಲ್ಲಿ ಐದು ಸೆಟ್ ಮೌನವಾಗಿರೋದು ಇದೊಂದೇ ಕಾರಣಕ್ಕೆ ಅಂದರೂ ನಡೆಯುತ್ತೆ.

ಜೋಡಣೆ: ಐಸಿಯ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಕ್ಕೆ. ಎಡದಿಂದ ನೆಲ (ಸೆಲ್ಲಿನ ಮೈನಸ್ ಸೇರೋ ಜಾಗ), ಒಳಬರುವಿಕೆ, ಹೊರಹೋಗುವಿಕೆ. ಬೇರೆ ನಂಬರಿನ ಐಸಿ ಕೊಟ್ಟು ಇದರ ಬದಲಿಗೆ ಇದೇ ಅಂದರೆ ಕಾಲುಗಳ ಕ್ರಮ ಡೇಟಾಶೀಟಲ್ಲಿ ನೋಡದೆ ಹಾಕಬೇಡಿ. ಕಾಯಿಲಿನ ಒಂದು ತುದಿ ನಡುವಿನ ಕಾಲಿಗೆ. ಇನ್ನೊಂದು ತುದಿ ನೆಲಕ್ಕಲ್ಲ! ಅದು 100 ಕೆ ರೆಸಿಸ್ಟರ್ ಮೂಲಕ ಐಸಿಯ ಹೊರಗಾಲಿಗೆ (ಬಲಗಡೆಯ ಹೊರಹೋಗುವಿಕೆ ಕಾಲು), ಮತ್ತು 103 ಮೂಲಕ ನೆಲಕ್ಕೆ. ಆ 100 ಕೆ ಮೂಲಕವೇ ಐಸಿಯ ಒಳಬದಿಗೆ ಬಯಸ್, ಅಂದರೆ ಅದು ಕೆಲಸ ಮಾಡೋಕೆ ಬೇಕಾದ ಸಣ್ಣ ವೋಲ್ಟೇಜ್, ಹೋಗೋದು. ಕಾಯಿಲನ್ನ ನೇರ ನೆಲಕ್ಕೆ ಕಟ್ಟಿದರೆ ಬಯಸ್ ಸತ್ತು ಸೆಟ್ಟೂ ಸತ್ತ ಹಾಗೆ. ಗ್ಯಾಂಗನ್ನ ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ ಕೊಡಿ. ಸೆಲ್ಲಿನ ಪ್ಲಸ್‌ನಿಂದ 1 ಕೆ ಮೂಲಕ ಹೊರಗಾಲಿಗೆ. ಹೊರಗಾಲಿಂದ ನೆಲಕ್ಕೆ ಒಂದು 104, ಕಾಲಿಗೆ ಆದಷ್ಟು ಹತ್ತಿರ. ಇನ್ನೊಂದು 104 ಮೂಲಕ ಇಯರ್‌ಪೀಸು, ಅದರ ಮತ್ತೊಂದು ತಂತಿ ನೆಲಕ್ಕೆ.

ಎಲ್ಲಾ ಕಾಲು ಗಿಡ್ಡ ಇರಲಿ. ಬ್ರೆಡ್‌ಬೋರ್ಡಲ್ಲಿ ಉದ್ದುದ್ದ ತಂತಿ ಎಳೆದರೆ ಹೊರಗಿನ ಸಿಗ್ನಲ್ ಒಳಕ್ಕೆ ವಾಪಸ್ ಹೋಗಿ ಶಿಳ್ಳೆ ಹೊಡೆಯುತ್ತೆ. ಚಿಕ್ಕ ಮರದ ಹಲಗೆಗೆ ಹಿತ್ತಾಳೆ ಡ್ರಾಯಿಂಗ್ ಪಿನ್ ಚುಚ್ಚಿ, ಅವುಗಳ ತಲೆ ಮೇಲೆ ಬೆಸುಗೆ ಹಾಕೋದು ಮಕ್ಕಳಿಗೆ ಬೋರ್ಡಿಗಿಂತ ಸಲೀಸು. ಹಲಗೆ ಮೇಲೆ ಮೊದಲೇ ಪೆನ್ಸಿಲಲ್ಲಿ ಸರ್ಕ್ಯೂಟ್ ಬರೆಸಿ.

ರೋಸಿನ್ ಕೋರ್

ಬೆಸುಗೆ ವಿಷಯ ನಿಮಗೆ ಗೊತ್ತಿದೆ ಅಂದಿರಿ, ಮಗೂಗೆ ಹೇಳಿಕೊಡೋದು ಬೇರೆ. 25 ವ್ಯಾಟಿನ ಐರನ್ ಸಾಕು, ಸ್ಟ್ಯಾಂಡ್ ಇಲ್ಲದೆ ಶುರು ಮಾಡಬೇಡಿ. ಒಳಗೇ ರೋಸಿನ್ ಇರೋ 60/40 (ತವರ-ಸೀಸ) ಬೆಸುಗೆ ತಂತಿ, 0.8 ಮಿಲಿಮೀಟರ್. ಸೀಸ ಇಲ್ಲದ್ದು ಸುಮಾರು 227 ಡಿಗ್ರಿಗೆ ಕರಗೋದು, 60/40 ಆದರೆ 190ರ ಒಳಗೇ. ಕಲಿಯೋ ಕೈಗೆ ಆ ವ್ಯತ್ಯಾಸ ದೊಡ್ಡದು. ಆದರೆ ಅದರಲ್ಲಿ ಸೀಸ ಇದೆ, ಕೆಲಸದ ನಡುವೆ ತಿಂಡಿ ಬೇಡ, ಎದ್ದ ಮೇಲೆ ಸೋಪಲ್ಲಿ ಕೈ ತೊಳೆಸಿ. ಕೂದಲು ಕಟ್ಟಿ, ಕಿಟಕಿ ತೆಗೆದಿಡಿ, ಬಿಡಿ ಭಾಗಗಳ ಕಾಲು ಕತ್ತರಿಸುವಾಗ ಕನ್ನಡಕ ಹಾಕಿಸಿ. ಕತ್ತರಿಸಿದ ಚೂರು ಸೀದಾ ಕಣ್ಣಿಗೇ ಹಾರೋದು.

ಪಿನ್ನನ್ನೂ ಕಾಲನ್ನೂ ಒಟ್ಟಿಗೆ ಕಾಯಿಸಿ, ಆಮೇಲೆ ತಂತಿ ಮುಟ್ಟಿಸಬೇಕು. ಐರನ್ ತುದಿ ಮೇಲೆ ಕರಗಿಸಿ ತಂದು ಬಳಿಯೋದಲ್ಲ. ಹರಡಿ ಕೂತರೆ ಹತ್ತಿದೆ, ಗುಂಡಗೆ ನಿಂತರೆ ಹತ್ತಿಲ್ಲ. ಗ್ಯಾಂಗಿನ ಕಾಲಿಗೆ ಮಾತ್ರ ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಒಳಗಿರೋದು ಪ್ಲಾಸ್ಟಿಕ್ ಹಾಳೆ.

ಬಟನ್ ಸೆಲ್ ಬೇಡವೇ ಬೇಡ, ಮನೇಲಿ ಇನ್ನೂ ಚಿಕ್ಕ ಮಗು ಇದ್ದರೆ ನುಂಗೋ ಅಪಾಯ. ಲಿಥಿಯಂ ಸೆಲ್ಲೂ ಮೊದಲ ಕಿಟ್‌ಗೆ ಬೇಡ. ಪೆನ್ಸಿಲ್ ಸೆಲ್ ಒಂದೇ ಸಾಕು.

ಬಂಗಾರಪೇಟೆ ಲೈನ್

ಒಂದೇ ಸೆಲ್ ಅನ್ನೋದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಸದ್ದು ಕಮ್ಮಿ ಅಂತ ಎರಡು ಸೆಲ್ ಹಾಕಿದರೆ ಸದ್ದು ಹೆಚ್ಚಲ್ಲ, ಶಿಳ್ಳೆ ಹೆಚ್ಚುತ್ತೆ. ಸ್ಪೀಕರ್ ಬೇಕಾದರೆ ಎಲ್‌ಎಂ 386 ಅನ್ನೋ ಸದ್ದು ಹೆಚ್ಚಿಸೋ ಐಸಿ ಸೇರಿಸಿ. ಅದಕ್ಕೆ ಕನಿಷ್ಠ 4 ವೋಲ್ಟ್ ಬೇಕು, ಹಾಗಾಗಿ ನಾಲ್ಕು ಸೆಲ್, 6 ವೋಲ್ಟ್. ಟಿಎ 7642ಗೆ ಮಾತ್ರ 3.3 ಕೆ ರೆಸಿಸ್ಟರ್ ಹಾಕಿ, ಅದರ ಕೆಳಗಿಂದ ನೆಲಕ್ಕೆ ಒಂದು ಕೆಂಪು ಎಲ್‌ಇಡಿ. ಎಲ್‌ಇಡಿ ಮೇಲೆ ಸುಮಾರು 1.7 ವೋಲ್ಟ್ ನಿಲ್ಲುತ್ತೆ, 1 ಕೆ ಮೂಲಕ ಐಸಿಗೆ ಅಲ್ಲಿಂದ ಕೊಡಿ. ನೀಲಿ, ಬಿಳಿ ಎಲ್‌ಇಡಿ ಹಾಕಬೇಡಿ, ಅವುಗಳ ಮೇಲೆ 3 ವೋಲ್ಟ್ ಹತ್ತಿರ ನಿಲ್ಲುತ್ತೆ. 386ರ ಸಪ್ಲೈ ಕಾಲಿಗೆ 100 ಮೈಕ್ರೊಫ್ಯಾರಡ್ ಇರಲಿ, ಸ್ಪೀಕರ್ ಕಡ್ಡಿಯಿಂದ ದೂರ ಇರಲಿ.

ಪಾವಗಡ ಕಡೆಯಿಂದ

ನಮ್ಮ ಕಡೆಗೂ ಇದು ಆಗುತ್ತಾ?

ಗ್ಯಾಂಗ್ ಕಂಡೆನ್ಸರ್

ಕ್ರಿಸ್ಟಲ್ ಸೆಟ್ ಹಗಲಲ್ಲಿ ಬೇಡ, ದೂರ ಜಾಸ್ತಿ. ಟಿಎ 7642 ಸೆಟ್ಟನ್ನ ಉದ್ದದ ಫೆರೈಟ್ ಕಡ್ಡಿ ಜೊತೆ ಪ್ರಯತ್ನಿಸಬಹುದು. ಆ ದೂರಕ್ಕೆ ಭರವಸೆ ಇರೋದು ಎಚ್‌ಎಕ್ಸ್ 108 ಥರದ ಸೂಪರ್‌ಹೆಟ್ (ಸ್ಟೇಷನ್ ಸಿಗ್ನಲನ್ನ ಒಳಗೇ ಒಂದು ನಿಗದಿ ಫ್ರೀಕ್ವೆನ್ಸಿಗೆ ಬದಲಿಸಿಕೊಂಡು ಹಿಗ್ಗಿಸೋ ಸೆಟ್) ಮೇಲೆ.

ಕಳವಾರದ ಕೆಳಗೆ

ಎಚ್‌ಎಕ್ಸ್ 108 ಒಳ್ಳೇ ಕಿಟ್ಟೇ, ಎರಡನೆಯದಾಗಿ. ಮಗೂಗೆ ಹನ್ನೊಂದು ಹನ್ನೆರಡು ಆಗಲಿ. ಸೂಚನೆ ಹಾಳೆ ಸಾಮಾನ್ಯವಾಗಿ ಚೀನೀ ಭಾಷೇಲಿರುತ್ತೆ, ಚಿತ್ರ ನೋಡಿಕೊಂಡೇ ಹೋಗಬೇಕು. ಬೋರ್ಡಿನ ತಾಮ್ರದ ದಾರೀಲಿ ಕರೆಂಟ್ ಅಳೆಯೋಕೆ ಅಂತ ಎ, ಬಿ, ಸಿ, ಡಿ ಗುರುತಿನ ನಾಲ್ಕು ಬಿರುಕು ಬಿಟ್ಟಿರುತ್ತಾರೆ. ಅಳೆದ ಮೇಲೆ ಅವನ್ನ ಬೆಸುಗೆಯಿಂದ ಮುಚ್ಚಬೇಕು. ಅದು ಗೊತ್ತಿಲ್ಲದೆ ಎಲ್ಲಾ ಸರಿಯಾಗಿ ಕಟ್ಟಿ, ಸತ್ತ ಸೆಟ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂರೋರು ಬಹಳ. ಟ್ರಾನ್ಸಿಸ್ಟರ್ ನಾಲ್ಕು 9018, ಒಂದು 9014, ಎರಡು 9013. ನೋಡೋಕೆ ಎಲ್ಲಾ ಒಂದೇ, ಭೂತಗನ್ನಡಿ ಹಿಡಿದು ಮೊದಲೇ ಬೇರ್ಪಡಿಸಿ. ಹಳದಿ, ಬಿಳಿ, ಕಪ್ಪು ತಲೆಯ ಐಎಫ್ ಡಬ್ಬಿಗಳನ್ನ (ಆ ನಿಗದಿ ಫ್ರೀಕ್ವೆನ್ಸಿಯ ಕಾಯಿಲ್‌ಗಳು) 465 ಕಿಲೋಹರ್ಟ್ಸ್‌ಗೆ ಮೊದಲೇ ಕೂರಿಸಿ ಕಳಿಸಿರುತ್ತಾರೆ, ತಿರುಗಿಸಬೇಡಿ. ಕೆಂಪು ಮಾತ್ರ 612 ಡಯಲ್ಲಿನ ಸರಿ ಜಾಗಕ್ಕೆ ಬರೋ ತನಕ ಚೂರೇ ಚೂರು ತಿರುಗಿಸಿ. ಅದೂ ಬಿದಿರು ಕಡ್ಡಿ ಚೂಪು ಮಾಡಿಕೊಂಡು. ಲೋಹದ ಸ್ಕ್ರೂಡ್ರೈವರ್ ಹತ್ತಿರ ಬಂದರೇ ಟ್ಯೂನಿಂಗ್ ಸರಿಯುತ್ತೆ.

ಶಿರಾಗೇಟ್

ಕಟ್ಟಿ ಆಯ್ತು. ಇಯರ್‌ಪೀಸಲ್ಲಿ ಸೊಯ್ ಅನ್ನುತ್ತೆ, ರಾತ್ರಿ ಯಾವುದೋ ತಮಿಳು, ತೆಲುಗು ಕಲಸಿಕೊಂಡು ಬರ್ತಿದೆ. 612 ಮಾತ್ರ ಗ್ಯಾಂಗ್ ಪೂರ್ತಿ ಮುಚ್ಚಿದರೂ ಸಿಗ್ತಿಲ್ಲ. ಮುಚ್ಚೋ ಕೊನೇಲಿ ಕರಕರ ಅಂತಾನೂ ಅನ್ನುತ್ತೆ.

ಗ್ಯಾಂಗ್ ಕಂಡೆನ್ಸರ್

ಕಲಸಿ ಬರೋದು ದೋಷ ಅಲ್ಲ, 720ಕ್ಕೂ 738ಕ್ಕೂ ನಡುವೆ ಇರೋದು 18 ಕಿಲೋಹರ್ಟ್ಸ್. ಒಂದೇ ಟ್ಯೂನಿಂಗ್ ಸುರುಳಿಯ ಸೆಟ್ಟಿಗೆ ಅಷ್ಟು ಬಿಡಿಸೋಕಾಗಲ್ಲ.

612 ಬ್ಯಾಂಡಿನ ಕೆಳತುದಿಗಿದೆ. ಅಲ್ಲಿಗೆ ಇಳಿಯೋಕೆ ಕಾಯಿಲೋ ಗ್ಯಾಂಗೋ ಸಾಲ್ತಿಲ್ಲ. ಸಾಮಾನ್ಯ ಗ್ಯಾಂಗಲ್ಲಿ ಎರಡು ಭಾಗ, 140 ಮತ್ತು 60 ಪಿಕೋಫ್ಯಾರಡ್, ನಡುಗಾಲು ಎರಡಕ್ಕೂ ಸೇರಿದ್ದು. ನೀವು ಬಹುಶಃ ಒಂದೇ ಭಾಗದ ಕಾಲಿಗೆ ಕೊಟ್ಟಿದ್ದೀರಿ. ಅಕ್ಕಪಕ್ಕದ ಎರಡೂ ಕಾಲು ಸೇರಿಸಿ ಒಂದು ಮಾಡಿ, 200 ಸಿಗುತ್ತೆ. ಆಮೇಲೆ ಕಾಯಿಲನ್ನ ಕಡ್ಡಿಯ ನಟ್ಟನಡುವಿಗೆ ಜರುಗಿಸಿ. ನಡುವಲ್ಲಿ ಕಾಯಿಲಿನ ಇಂಡಕ್ಟನ್ಸ್ ಜಾಸ್ತಿ, ತುದಿಯಲ್ಲಿ ಕಮ್ಮಿ; ಅದು ಜಾಸ್ತಿಯಾದಷ್ಟೂ ಟ್ಯೂನಿಂಗ್ ಕೆಳಕ್ಕಿಳಿಯುತ್ತೆ. ಇಷ್ಟಾದರೂ ಬರದಿದ್ದರೆ ಗ್ಯಾಂಗಿಗೆ ಅಡ್ಡಲಾಗಿ 47 ಪಿಕೋಫ್ಯಾರಡ್ ಒಂದು ಹಾಕಿ.

ಕರಕರ ಅನ್ನೋದು ಗ್ಯಾಂಗ್ ಕೂರಿಸಿದ ಸ್ಕ್ರೂ ಉದ್ದವಾಗಿ ಒಳಗಿನ ಎಲೆಗೆ ತಾಗ್ತಿರೋದು. ಬಿಚ್ಚಿ, ಒಂದು ವಾಷರ್ ಕೊಟ್ಟು ಕೂರಿಸಿ. ಗುಂಡಿ ತಿರುಗಿಸುವಾಗ ಮಲ್ಟಿಮೀಟರಲ್ಲಿ ಗ್ಯಾಂಗಿನ ಕಾಲುಗಳ ನಡುವೆ ಶಾರ್ಟ್ ತೋರಿಸಬಾರದು. ಕಾಯಿಲಿನ ಒಂದು ತುದಿ ಬಿಚ್ಚಿ ಅಳೆಯಿರಿ, ಇಲ್ಲಾಂದ್ರೆ ಕಾಯಿಲೇ ಶಾರ್ಟ್ ಥರ ತೋರಿಸುತ್ತೆ.

ಬಂಗಾರಪೇಟೆ ಲೈನ್

ಇನ್ನೊಂದು. ಕಡ್ಡಿಯ ತುದಿ ಸ್ಟೇಷನ್ ಕಡೆ ಮಾಡಿದರೆ ಸದ್ದು ಬಿದ್ದುಹೋಗುತ್ತೆ, ಅಡ್ಡಲಾಗಿ ಇಟ್ಟಾಗ ಹೆಚ್ಚು. ತುಮಕೂರಿಗೆ ಬೆಂಗಳೂರು ಆಗ್ನೇಯಕ್ಕೆ, ಹಾಗಾಗಿ ಕಡ್ಡಿ ಈಶಾನ್ಯ-ನೈರುತ್ಯ ಮಲಗಿರಲಿ. ಕೋಲಾರದೋರು ಉತ್ತರ-ದಕ್ಷಿಣ, ಚಿಕ್ಕಬಳ್ಳಾಪುರದೋರು ಪೂರ್ವ-ಪಶ್ಚಿಮ ಇಡಬೇಕು. ಮಗಳ ಕೈಗೆ ಹಲಗೆ ಕೊಟ್ಟು ನಿಧಾನವಾಗಿ ತಿರುಗಿಸೋಕೆ ಹೇಳಿ, ಸದ್ದು ಸತ್ತುಹೋಗೋ ಕೋನ ಸಿಕ್ಕರೆ ಟ್ರಾನ್ಸ್‌ಮಿಟರ್ ಯಾವ ದಿಕ್ಕಿಗಿದೆ ಅಂತ ಅವಳೇ ಹೇಳ್ತಾಳೆ.